ಮುದ್ದತು ಹುಂಡಿಗೆ, ಗುಳಿಗೆಗಲ್ಲ

ಮದುವೆಯಾಗಿ ಬಿಜಾಪುರದಿಂದ ಸೊಲ್ಲಾಪುರಕ್ಕೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನನಗೆ ತಲೆನೋವು ಬಂತು. ಹೊಸ ಮನೆ, ಹೊಸ ನೀರು, ಮೇಲೆ ಹೊತ್ತುಹೊತ್ತಿಗೆ ಗಿರಣಿ ಭೋಂಗಾದ ಕೂಗು. ಹಣೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತದ್ದನ್ನು ಮಾವನವರು ನೋಡಿದರು. ಏನೂ ಕೇಳದೆ ಒಳಕೋಣೆಗೆ ಹೋಗಿ, ಅಂಗೈಯಲ್ಲಿ ಒಂದು ಹಳದಿ ಗುಳಿಗೆ ಇಟ್ಟುಕೊಂಡು ಬಂದರು.

"ತಗೋ ಸೂನಬಾಯಿ. ಮ್ಯಾಲ ನೀರ ಕುಡಿ."

ಸೊಸೆಯನ್ನು ಮರಾಠಿಯಲ್ಲಿ ಸೂನಬಾಯಿ ಎಂದು ಕರೆಯುವುದು ಅವರ ಅಕ್ಕರೆಯ ರೀತಿ. ನಾನು ಸೆರಗು ಸರಿಮಾಡಿಕೊಂಡು ಕೇಳಿದೆ: "ಇದು ತಲಿನೋವಿನ ಗುಳಿಗಿ ಏನ್ರಿ ಮಾವಾರ?"

"ಹಳದಿ ಅಂದ್ರ ತಲಿಗೆ ಬರ್ತೈತಿ," ಎಂದರು.

ನುಂಗಿದೆ. ಮನೆಗೆ ಬಂದು ತಿಂಗಳಾಗದ ಸೊಸೆ ಮತ್ತೇನು ಮಾಡಬೇಕು? ಸಂಜೆಯ ಹೊತ್ತಿಗೆ ತಲೆನೋವು ತಾನಾಗಿಯೇ ಇಳಿಯಿತು. ಅದರ ಯಶಸ್ಸನ್ನೆಲ್ಲ ಮಾವನವರು ಹಳದಿ ಗುಳಿಗೆಗೆ ಕೊಟ್ಟರು. ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿದರಂತೆ.

ಮಾವನವರದು ಸೂತು ಮತ್ತು ಬಣ್ಣದ ವ್ಯಾಪಾರ. ಊರಿನ ಮಗ್ಗದವರು ನಮ್ಮ ಅಂಗಡಿಯಿಂದ ನೂಲಿನ ಗಂಟು ಒಯ್ಯುತ್ತಿದ್ದರು, ಅದಕ್ಕೆ ಹಾಕುವ ಬಣ್ಣದ ಪುಡಿಯನ್ನೂ ಒಯ್ಯುತ್ತಿದ್ದರು. ಬಣ್ಣದ ಕಂಪನಿಯವರು ಯಾವ ಕಾಲದಲ್ಲೋ ನಮೂನೆ ತೋರಿಸಲೆಂದು ಒಂದು ಕಟ್ಟಿಗೆಯ ಪೆಟ್ಟಿಗೆ ಕೊಟ್ಟಿದ್ದರು. ಮುಚ್ಚಳ ತೆಗೆದರೆ ಒಳಗೆ ಸಾಲುಸಾಲಾಗಿ ಪುಟ್ಟ ಖಾನೆಗಳು. ಆ ಪೆಟ್ಟಿಗೆಯೇ ಮಾವನವರ ದವಾಖಾನೆ. ಮನೆಯಲ್ಲಿ ಯಾರಿಗೇ ಕಾಯಿಲೆಯಾಗಲಿ, ಗುಣವಾದ ಮೇಲೆ ಉಳಿದ ಗುಳಿಗೆಗಳನ್ನು ಅವರು ಕೇಳಿ ಇಸಿದುಕೊಳ್ಳುತ್ತಿದ್ದರು. ಪಟ್ಟಿಯಿಂದ ಒಂದೊಂದಾಗಿ ಬಿಡಿಸಿ, ಬಣ್ಣ ನೋಡಿ, ಕೆಂಪನ್ನು ಕೆಂಪಿನ ಖಾನೆಗೆ, ಹಸಿರನ್ನು ಹಸಿರಿನ ಖಾನೆಗೆ ಹಾಕುತ್ತಿದ್ದರು. ಪಟ್ಟಿ ಸಮೇತ ಇಟ್ಟರೆ ಜಾಗ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ಹೆಸರೂ ಹೋಯಿತು, ತಾರೀಖೂ ಹೋಯಿತು, ಬಣ್ಣ ಒಂದು ಉಳಿಯಿತು.

ನಮ್ಮ ಮನೆಯ ಗುಳಿಗೆಗಳು ಸಾಲದೆ ಅವರು ಬೇರೆ ಮನೆಗಳಿಂದಲೂ ತರುತ್ತಿದ್ದರು. ಯಾರಾದರೂ ತೀರಿಕೊಂಡ ಮನೆಗೆ ಮಾತಾಡಿಸಲು ಹೋದರೆ, ಏಳುವ ಮೊದಲು ಮೆಲ್ಲಗೆ ಕೇಳುತ್ತಿದ್ದರು: "ಅವ್ರ ಔಷಧಾ ಏನರ ಉಳದಾವೇನ್ರಿ? ಇನ್ನ ನಿಮಗೇನ ಉಪಯೋಗ." ಅಳುತ್ತಿದ್ದವರು ಕಣ್ಣೊರೆಸಿಕೊಂಡು ಹುಡುಕಿ ಕೊಡುತ್ತಿದ್ದರು. ಯಾವ ಔಷಧ ಒಬ್ಬರನ್ನು ಉಳಿಸಲಿಲ್ಲವೋ ಅದನ್ನೇ ತಂದು ನಮ್ಮ ಬಾಯಿಗೆ ಹಾಕುವರಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಆದರೆ ಮಾವನವರು ಕೆಟ್ಟ ಮನುಷ್ಯರಲ್ಲ. ಯಾರ ಮನೆಯಲ್ಲಿ ಜ್ವರವೆಂದರೂ ಪೆಟ್ಟಿಗೆ ಬಗಲಿಗೆ ಇಟ್ಟುಕೊಂಡು ಓಡುತ್ತಿದ್ದರು. ಓಣಿಯವರು ಅವರನ್ನು ದೇವರಂಥವರು ಎನ್ನುತ್ತಿದ್ದರು. ಕೆಟ್ಟವರಾಗಿದ್ದರೆ ಜಗಳ ಮಾಡುವುದಾದರೂ ಸುಲಭವಿತ್ತು.

ಕೆಂಪು ಗುಳಿಗೆ ರಕ್ತಕ್ಕೆ, ಹಸಿರು ಹೊಟ್ಟೆಗೆ, ಬಿಳಿ ಜ್ವರಕ್ಕೆ. ಎರಡು ಬಣ್ಣದ ಕ್ಯಾಪ್ಸೂಲ್ ಸಿಕ್ಕರೆ ಅವರಿಗೆ ವಿಶೇಷ ಸಂತೋಷ. ಅದು ಎರಡು ರೋಗಕ್ಕೆ ಆಗುತ್ತಿತ್ತು. ಅತ್ತೆಗೆ ಮೊಣಕಾಲು ನೋವು. ದಿನಾ ಊಟವಾದ ಮೇಲೆ ಮಾವನವರು ಕೊಟ್ಟ ಗುಳಿಗೆಯನ್ನು ಕೈಯೊಡ್ಡಿ ತೆಗೆದುಕೊಂಡು, ಆಚೆ ತಿರುಗಿ ನೀರು ಕುಡಿಯುತ್ತಿದ್ದರು. ಒಂದು ದಿನವೂ ಎದುರು ಮಾತಾಡಿದವರಲ್ಲ. ನನ್ನ ಗಂಡನಂತೂ ಅಪ್ಪನ ಮಾತು ಮೀರುವ ಜಾತಿಯೇ ಅಲ್ಲ. ನಾನು ಗೊಣಗಿದರೆ, "ಅಪ್ಪಾನ ಜೋಡಿ ವಾದ ಹಾಕಬ್ಯಾಡ. ನುಂಗಿದ್ರ ಏನ ಹೋಗ್ತೈತಿ?" ಎನ್ನುತ್ತಿದ್ದರು. ಏನು ಹೋಗುತ್ತದೆ ಎಂದು ಗೊತ್ತಿಲ್ಲದ್ದೇ ನನ್ನ ತಕರಾರಾಗಿತ್ತು.

ಒಮ್ಮೆ ಯಾರದೋ ಮನೆಯಿಂದ ತಂದ ಪಟ್ಟಿಯನ್ನು ಬಿಡಿಸುವ ಮೊದಲೇ ನಾನು ಹಿಡಿದೆ. ನಮ್ಮ ಮನೆಯ ಗಂಡಸರೆಲ್ಲ ಮರಾಠಿ ಶಾಲೆಯಲ್ಲಿ ಕಲಿತು ನೇರ ಅಂಗಡಿಗೆ ಕೂತವರು. ನನಗೆ ಕಾಲೇಜಿನ ಒಂದೆರಡು ವರ್ಷದ ಇಂಗ್ಲಿಷ್ ಇತ್ತು.

"ಮಾವಾರ, ಇದರ ಮ್ಯಾಲ ತಾರೀಖ ಹಾಕ್ಯಾರ್ರಿ. ಇದರ ಮುದ್ದತು ಮುಗದ ವರ್ಷದ ಮ್ಯಾಲಾತು."

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಮುದ್ದತು ರೊಕ್ಕದ ಹುಂಡಿ ಚೀಟಿಗೆ ಇರ್ತೈತವ್ವಾ. ಗುಳಿಗಿಗೆ ಎಲ್ಲೀದು?"

"ಬರದಾರಲ್ರಿ ಇಲ್ಲೆ."

"ಬರೀತಾರ. ಯಾಕ ಬರೀಬಾರದು? ಹಳೇದು ಚೆಲ್ಲಿದ್ರ ಹೊಸಾದು ತಗೋತಾರಂತ ಬರೀತಾರ. ನಾನೂ ವ್ಯಾಪಾರಿ ಅದೀನಿ, ಅಷ್ಟು ತಿಳಿಯೂದಿಲ್ಲೇನ ನನಗ? ಸಕ್ಕರಿಗೆ ತಾರೀಖ ಐತೇನ? ಉಪ್ಪಿಗೆ ಐತೇನ? ನಾ ಮಾರೂ ಬಣ್ಣಕ್ಕ ಐತೇನ? ಇಪ್ಪತ್ತ ವರ್ಷದ ಹಿಂದಿನ ಬಣ್ಣ ನೀರಾಗ ಹಾಕಿ ನೋಡು, ಇವತ್ತೂ ಸೀರಿಗೆ ಏರ್ತೈತಿ."

ಅವರ ಮಾತಿನಲ್ಲಿ ಒಂದು ಎಳೆ ನಿಜ ಇರಬಹುದೇನೋ ಎಂದು ನನಗೂ ಅನಿಸುತ್ತಿತ್ತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು. ಪೂರ್ತಿ ಸುಳ್ಳು ಹೇಳುವವರ ಎದುರು ನಿಂತುಕೊಳ್ಳಬಹುದು. ಅರ್ಧ ನಿಜ ಹಿಡಿದುಕೊಂಡು ಕೂತವರನ್ನು ಅಲುಗಿಸಲಾಗುವುದಿಲ್ಲ.

ಹೀಗೇ ನಡೆದಿರುವಾಗ, ಎಪ್ಪತ್ತೈದನೆಯ ಇಸವಿಯ ಆಸುಪಾಸಿನಲ್ಲಿ, ಮಾವನವರಿಗೇ ಎದೆ ಹಿಡಿಯಲು ಶುರುವಾಯಿತು. ಮಾಳಿಗೆಯ ಗೋದಾಮಿನ ಮೆಟ್ಟಿಲು ಹತ್ತಿದರೆ ನಡುವೆ ನಿಂತುಬಿಡುವರು. ಪೆಟ್ಟಿಗೆಯಲ್ಲಿದ್ದ ಕೆಂಪು, ಗುಲಾಬಿ ಎಲ್ಲ ಆದ ಮೇಲೆ, ಮಗನ ಬಲವಂತಕ್ಕೆ ಡಾಕ್ಟರ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ಕಂದು ಬಣ್ಣದ ಒಂದು ಪುಟ್ಟ ಗಾಜಿನ ಬಾಟ್ಲಿ ಕೊಟ್ಟು, ಬಿಡಿಸಿ ಹೇಳಿದರು. ಎದೆ ಹಿಡಿದಾಗ ಒಂದು ಗುಳಿಗೆಯನ್ನು ನಾಲಗೆಯ ಕೆಳಗೆ ಇಡಬೇಕು, ನುಂಗಬಾರದು. ಇಟ್ಟಕೂಡಲೇ ಚುರ್ ಎನ್ನಬೇಕು. ಈ ಗುಳಿಗೆಗಳನ್ನು ಬಾಟ್ಲಿಯಿಂದ ಬೇರೆ ಯಾವುದಕ್ಕೂ ಹಾಕಬಾರದು, ಬೂಚು ಬಿಗಿಯಾಗಿರಬೇಕು, ಬಿಸಿಲಿನಲ್ಲಿ ಇಡಬಾರದು, ಕೆಲವು ತಿಂಗಳಿಗೊಮ್ಮೆ ಉಳಿದದ್ದನ್ನು ಚೆಲ್ಲಿ ಹೊಸದು ತರಬೇಕು. ಮಾವನವರು ಪ್ರತಿ ಮಾತಿಗೂ ತಲೆಯಾಡಿಸಿದರು.

ಮನೆಗೆ ಬಂದವರೇ ಗುಳಿಗೆಗಳನ್ನು ಒಂದು ಹಳೆಯ ತಪಕೀರಿನ, ಅಂದರೆ ನಶ್ಯದ, ಡಬ್ಬಿಗೆ ಸುರಿದು, ಅಲುಗದ ಹಾಗೆ ಮೇಲೆ ಹತ್ತಿ ತುರುಕಿ, ಅಂಗಿಯ ಕಿಸೆಗೆ ಹಾಕಿಕೊಂಡರು.

"ಮಾವಾರ, ಡಾಕ್ಟರ ಏನ ಹೇಳಿದ್ರು?"

"ಬಾಟ್ಲಿ ಕಿಸೇದಾಗ ಖುಳುಖುಳು ಅಂತೈತಿ. ಗಿರಾಕಿ ಕೇಳ್ತಾರ. ಸಾವುಕಾರಗ ಎದಿ ಬ್ಯಾನಿ ಐತಂತ ಬಜಾರದಾಗ ಗೊತ್ತಾಗಬೇಕೇನ?"

ಅದು ಅವರ ನಿಜವಾದ ಭಯ. ನನಗೆ ಅರ್ಥವೂ ಆಯಿತು. ಆದರೂ ಡಾಕ್ಟರ ಮುಂದೆ ಅಷ್ಟು ತಲೆಯಾಡಿಸಿದ್ದು ಯಾಕೆ?

ಗ್ರಹಚಾರವೆಂದರೆ, ಆಮೇಲೆ ಬಹಳ ದಿನ ಅವರಿಗೆ ನೋವು ಬರಲೇ ಇಲ್ಲ. ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದರು, ಅಷ್ಟೆ. ನಾನು ತಿಂಗಳು ಬಿಟ್ಟು ತಿಂಗಳು ನೆನಪಿಸುತ್ತಿದ್ದೆ. "ಇವೇ ಇನ್ನ ಮುಗದಿಲ್ಲ, ಹೊಸಾವು ಎದಕ?" ಎಂದು ಕಿಸೆ ತಟ್ಟಿ ತೋರಿಸುತ್ತಿದ್ದರು. ಒಂದು ವರ್ಷ ಹೋಯಿತು. ಮತ್ತೊಂದು ಬೇಸಿಗೆ ಬಂತು.

ಮಾವನವರ ಅಕ್ಕ ಅಕ್ಕಲಕೋಟದಲ್ಲಿದ್ದರು. ಹಪ್ಪಳ ಶಂಡಿಗೆ ಮಾಡುವ ಕಾಲ; ಕೈಗೆ ಒಬ್ಬರು ಬೇಕೆಂದು ನನ್ನನ್ನು ಕರೆಸಿದ್ದರು. ಕರೆದುಕೊಂಡು ಹೋಗಲು ಮಾವನವರು ತಾವೇ ಹೊರಟರು. ಅವರಿಗೆ ಅಲ್ಲಿ ಬೇರೆ ಕೆಲಸವೂ ಇತ್ತು. ಕರಜಗಿ, ವಾಗದರಿ ಕಡೆಯಿಂದ ಸಂತೆಗೆ ಬಂದವರು ಅಕ್ಕನ ಕಟ್ಟೆಯ ಮೇಲೆ ಕೂತು ಕೆಮ್ಮು, ನೆಗಡಿ, ಮೈಕೈನೋವು ಎಂದು ಹೇಳಿಕೊಳ್ಳುತ್ತಿದ್ದರು. ಅವರಿಗೆ ಹಂಚಲೆಂದು ಮಾವನವರು ಒಂದು ಗಂಟು ಗುಳಿಗೆ ಕಳಿಸುವುದು, ಅಕ್ಕ ಅದನ್ನು ಪುಣ್ಯದ ಕೆಲಸವೆಂದು ಹಂಚುವುದು ನಡೆದುಬಂದಿತ್ತು. ಆ ಸಲದ ಗಂಟನ್ನು ಮಾವನವರು ಚೀಲದಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟರು.

ಎಸ್‌ಟಿ ಬಸ್ಸಿನ ತಗಡು ಕಾದು ಹಂಚಾಗಿತ್ತು. ಕಿಟಕಿಯಿಂದ ಬರುವುದು ಗಾಳಿಯೋ ಝಳವೋ ತಿಳಿಯುತ್ತಿರಲಿಲ್ಲ. ಅಕ್ಕಲಕೋಟದಲ್ಲಿ ಇಳಿದಾಗ ನಾನು ಟಾಂಗಾ ಮಾಡೋಣ ಎಂದೆ. ಮಾವನವರು ಕೇಳಲಿಲ್ಲ. "ಇಲ್ಲೇ ಐತಿ ಮನಿ, ಟಾಂಗಾ ಎದಕ?" ಚೀಲವನ್ನು ನನ್ನ ಕೈಯಿಂದ ಕಸಿದುಕೊಂಡು ಮುಂದೆ ನಡೆದರು. ಗಂಡಸರು ಇರುವಾಗ ಸೊಸೆ ಚೀಲ ಹೊರಬಾರದು ಎಂಬ ಮರ್ಯಾದೆ ಬೇರೆ.

ಅರ್ಧ ದಾರಿಯಲ್ಲಿ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಅವರು ಕೂತುಬಿಟ್ಟರು. ದಣಿದಿರಬೇಕೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಮುಖ ಬೂದಿಯಾಗಿತ್ತು. ಟೋಪಿಯ ಕೆಳಗಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ಸೂನಬಾಯಿ, ಎದಿ ಹಿಂಡಾಕತ್ತೈತಿ."

ನಾನೇ ಅವರ ಕಿಸೆಗೆ ಕೈ ಹಾಕಿ ಡಬ್ಬಿ ತೆಗೆದೆ. ಹತ್ತಿ ಕಿತ್ತು ಬಿಸಾಡಿ, ಒಂದು ಗುಳಿಗೆಯನ್ನು ಅವರ ನಾಲಗೆಯ ಕೆಳಗೆ ಇಟ್ಟೆ.

"ಚುರ್ ಅಂತೈತೇನ್ರಿ?"

ತಲೆ ಅಡ್ಡಕ್ಕೆ ಆಡಿಸಿದರು. ಕಾದೆ. ಮತ್ತೆ ಕೇಳಿದೆ. ಮತ್ತೆ ಇಲ್ಲ. ಇನ್ನೊಂದು ಇಟ್ಟೆ.

"ಸುಣ್ಣ ಇಟ್ಟಂಗ ಐತಿ," ಎಂದರು, ಉಸಿರು ಎಳೆಯುತ್ತ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದರು.

ಆಗ ನನಗಾದ ಹೆದರಿಕೆಯನ್ನು ಹೇಳಲಾರೆ. ಹೆದರಿಕೆಯ ಬೆನ್ನಿಗೇ ಸಿಟ್ಟು. ಒಂದು ವರ್ಷ ಹೇಳಿದೆನಲ್ಲ, ಒಂದು ವರ್ಷ! ಜನ ಸೇರಿದರು. ಒಬ್ಬ ಸೋಡಾ ಕುಡಿಸಿರಿ ಎಂದ, ಒಬ್ಬಾಕೆ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯಿರಿ ಎಂದಳು. ಇನ್ನೊಬ್ಬರು ತಮ್ಮ ಕಿಸೆಯಿಂದಲೇ ಒಂದು ಗುಳಿಗೆ ತೆಗೆದು, "ಇದು ಬಾಳ ಚಲೋ ಐತಿ, ಕೊಟ್ಟ ನೋಡ್ರಿ," ಎಂದರು. ಕಾಗದವಿಲ್ಲ, ಹೆಸರಿಲ್ಲ, ಬಿಳಿ ಗುಳಿಗೆ! ನಾನು ಎಂದೂ ದನಿ ಎತ್ತಿದವಳಲ್ಲ. ಆ ದಿನ ನಡುಬೀದಿಯಲ್ಲಿ ಕೂಗಿದೆ: "ಗುಳಿಗಿ ಬ್ಯಾಡ್ರೀ! ಟಾಂಗಾ ಕರೀರಿ! ಡಾಕ್ಟರ ಎಲ್ಲಿ ಅದಾರ ಹೇಳ್ರಿ!"

ಟಾಂಗಾ ಬಂತು. ಇಬ್ಬರು ಮಾವನವರನ್ನು ಎತ್ತಿ ಕೂರಿಸಿದರು. ಡಾಕ್ಟರು ತಮ್ಮ ದವಾಖಾನೆಯ ಹಿಂದಿನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಕೈ ತೊಳೆದು ಹಾಗೆಯೇ ಬಂದರು. ನಾಡಿ ಹಿಡಿದು, ಎದೆಗೆ ನಳಿಗೆ ಇಟ್ಟು, ಕಪಾಟಿನಿಂದ ಹೊಸ ಬಾಟ್ಲಿ ತೆಗೆದು ಬೂಚು ಬಿಚ್ಚಿದರು. ಒಂದು ಪುಟ್ಟ ಗುಳಿಗೆ ನಾಲಗೆಯ ಕೆಳಗೆ ಹೋಯಿತು.

ಮಾವನವರ ಹುಬ್ಬುಗಳು ಮೇಲೆ ಹಾರಿದವು. "ಹಾಂ! ಚುರ್ ಅಂತು!"

ಸ್ವಲ್ಪ ಹೊತ್ತಿಗೆ ತಲೆ ಧಿಮಿಧಿಮಿ ಎನ್ನುತ್ತಿದೆ ಎಂದರು. ಔಷಧ ಕೆಲಸ ಮಾಡಿದರೆ ಹಾಗಾಗುತ್ತದೆ, ಹೆದರಬೇಡಿ ಎಂದರು ಡಾಕ್ಟರು. ಎದೆಯ ಮೇಲಿನ ಕೈ ಸಡಿಲಾಯಿತು. ಮುಖಕ್ಕೆ ಬಣ್ಣ ಬಂತು. ನಾನು ಗೋಡೆಗೆ ಒರಗಿ ಕೂತು, ಯಾರಿಗೂ ಕಾಣದಂತೆ ಕಣ್ಣೀರು ಹಾಕಿದೆ.

ಬಿಸಿಲು ತಗ್ಗುವವರೆಗೂ ಡಾಕ್ಟರು ಅವರನ್ನು ಏಳಗೊಡಲಿಲ್ಲ. ಆಮೇಲೆ ನಾನು ಆ ತಪಕೀರಿನ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದರು.

"ಅಹೋ, ಹೇ ಕಾಯ?" ಎಂದರು. ಇದೇನಿದು ಎಂದು ಮರಾಠಿಯಲ್ಲಿ ಬೈದು, ಮತ್ತೆ ಕನ್ನಡಕ್ಕೆ ಬಂದರು. "ಈ ಗುಳಿಗಿ ಕಸುವು ಗಾಳಿಗೆ ಹಾರಿ ಹೋಗ್ತೈತ್ರಿ. ಹತ್ತಿ ಹೀರತೈತಿ, ಕಿಸೇದ ಕಾವಿಗೆ ಕೆಡ್ತೈತಿ. ಎಷ್ಟ ದಿವಸದ್ದಿದು?"

"ವರ್ಷ ದಾಟೈತ್ರಿ," ಎಂದೆ ನಾನು.

"ಮತ್ತ ಇದರಾಗ ಏನ ಉಳೀತೈತಿ? ಮಣ್ಣು?"

ಮಾವನವರು ಮಲಗಿದ್ದಲ್ಲಿಂದಲೇ ವಾದ ತೆಗೆದರು. ಜೀವ ಬಂದ ಗುರುತು. "ಅಂದ್ರ ಡಾಕ್ಟರ್ ಸಾಹೇಬ್ರ, ತಾರೀಖ ಮುಗದದ್ದು ಎಲ್ಲಾ ವಿಷ ಅಂತೀರೇನ್ರಿ?"

"ಎಲ್ಲಾ ವಿಷ ಅಂತ ನಾ ಹೇಳಂಗಿಲ್ಲ. ಜ್ವರದ ಗುಳಿಗಿ ಒಂದೀಟು ಕಸುವು ಕಳಕೊಂಡ್ರ ಜ್ವರ ತಡದು ಇಳದೀತು. ಆದ್ರ ಎದಿ ಗುಳಿಗಿ ತಡದು ನಡ್ಯಾಂಗಿಲ್ಲ. ಕೆಲವು ಕ್ಯಾಪ್ಸೂಲ್ ಕೆಟ್ರ ಮೂತ್ರಪಿಂಡಕ್ಕ ಪೆಟ್ಟು ಕೊಡ್ತಾವ. ಕಣ್ಣಿಗೆ ಹಾಕೂ ಔಷಧಾ ಒಮ್ಮೆ ಬಿಚ್ಚಿದ್ರ ಬಾಳ ದಿನ ಇಡಬಾರದು. ಯಾವುದು ಬರೇ ಸಪ್ಪಗಾಗೈತಿ, ಯಾವುದು ಕೆಟ್ಟೈತಿ, ಕಣ್ಣಿಲೆ ನೋಡಿದ್ರ ನನಗೂ ತಿಳಿಯಂಗಿಲ್ಲ. ಅದಕ್ಕ ತಾರೀಖ ಹಾಕ್ತಾರ."

ಮಾವನವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಗೆದ್ದ ಕಳೆ. "ಕೇಳಿದಿಲ್ಲ? ಜ್ವರದ ಗುಳಿಗಿಗೆ ಏನೂ ಆಗಂಗಿಲ್ಲಂತ."

"ನಾ ಹಂಗ ಅಂದ್ನೇನ್ರಿ?" ಎಂದರು ಡಾಕ್ಟರು. ನನ್ನನ್ನು ನೋಡಿದರು. ನಾನು ಚೀಲ ಎತ್ತಿಕೊಂಡು ಟಾಂಗಾ ಕರೆಯಲು ಹೊರಟೆ.

ಅಕ್ಕನ ಮನೆ ಮುಟ್ಟಿ ಮಾವನವರನ್ನು ಮಂಚದ ಮೇಲೆ ಮಲಗಿಸಿದೆವು. ನಾನು ಚೀಲ ಬಿಚ್ಚಿ, ಹಂಚಲು ತಂದ ಗುಳಿಗೆಯ ಗಂಟನ್ನು ಹಿತ್ತಲಿಗೆ ಒಯ್ದು, ತಿಪ್ಪೆಯ ಬದಿಯಲ್ಲಿ ತಗ್ಗು ತೋಡಿ ಹುಗಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಬಡವ್ರಿಗೆ ಪುಕಟ ಸಿಗೂದನ್ನ ಮಣ್ಣಾಗ ಹಾಕ್ತಿ ಏನ? ಯಾರ ಹೇಳಿದ್ರು ನಿನಗ?"

"ಡಾಕ್ಟರ ಹೇಳ್ಯಾರ್ರಿ."

"ಡಾಕ್ಟರ ಹೇಳತಾರ. ಅವ್ರಿಗೆ ಹೊಟ್ಟಿ ಇಲ್ಲೇನ?"

ಆ ವಾರವಿಡೀ ಅವರು ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಹಪ್ಪಳದ ಹಿಟ್ಟು ಕುಟ್ಟುವುದು, ಲಟ್ಟಿಸುವುದು, ಮಾಳಿಗೆಗೆ ಒಯ್ದು ಹರವುವುದು ಎಲ್ಲ ನನಗೇ ಬಂತು.

ಸೊಲ್ಲಾಪುರಕ್ಕೆ ಮರಳಿದ ದಿನ ಮನೆಯಲ್ಲಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ನನ್ನ ಗಂಡ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ನೀನರ ನೋಡಬೇಕಿಲ್ಲೇನ? ಓದಿದಾಕಿ ಅದೀದಿ," ಎಂದರು.

ನನಗೆ ಅಲ್ಲಿಗೆ ಸಾಕಾಯಿತು. "ನಾ ನೋಡಿಲ್ಲೇನ್ರಿ? ಹೇಳಿ ಹೇಳಿ ನನ್ನ ಬಾಯಿ ಒಣಗೈತಿ. ಆಗ ವಾದ ಹಾಕಬ್ಯಾಡ ಅಂದವ್ರು ನೀವು. ಈಗ ನೋಡಬೇಕಿತ್ತು ಅನ್ನವ್ರೂ ನೀವ ಏನ್ರಿ?" ಮಾವನವರ ಎದುರಿಗೇ ಅಂದೆ.

ಅತ್ತೆ ಎದ್ದು ಒಳಗೆ ಹೋಗಿ, ಆ ಬಣ್ಣದ ಪೆಟ್ಟಿಗೆಯನ್ನು ತಂದು ನನ್ನ ಮುಂದೆ ಇಟ್ಟರು. "ಇದನ್ನೂ ಹುಗದ ಬಾರವ್ವಾ," ಎಂದರು.

ಮಾವನವರು ಎದ್ದು ಕೂತರು. "ಹುಗಿಯೂದಾ? ನಿನ್ನ ಮೊಣಕಾಲ ಗುಳಿಗಿ ಅದರಾಗ ಅದಾವ!"

"ನಾ ಒಂದೂ ನುಂಗಿಲ್ಲ," ಎಂದರು ಅತ್ತೆ, ಅಕ್ಕಿ ಆರಿಸುವಾಗ ಮಾತಾಡುವಷ್ಟು ತಣ್ಣಗೆ. "ದಿನಾ ಬಚ್ಚಲಕ್ಕ ಹಾಕೀನಿ."

"ಮತ್ತ ನಿನ್ನ ನೋವು ಹೆಂಗ ಕಡಿಮಿ ಆತು?"

"ಕಡಿಮಿ ಎಲ್ಲಾಗೈತ್ರಿ? ಹೇಳೂದ ಬಿಟ್ಟೆ."

ಎದೆ ಹಿಂಡಿದ ದಿನವೂ ಮಾವನವರ ಮುಖ ಹಾಗೆ ಇಳಿದಿರಲಿಲ್ಲ. ಅವರನ್ನು ನೋಡಿ ನನಗೆ ಪಾಪ ಅನಿಸಿತು. ಆದರೆ ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಸಿಕ್ಕಾಗ ಸಿಟ್ಟು ತಡೆಯಲಾಗಲಿಲ್ಲ.

"ನೀವು ಬಚ್ಚಲಕ್ಕ ಹಾಕತಿದ್ರಿ ಅಂದ್ರ ನನಗರ ಹೇಳಬಾರದೇನ್ರಿ ಅತ್ತಿ? ನಾ ಇಷ್ಟ ವರ್ಷ ಖರೇನ ನುಂಗೀನಿ!"

ಅತ್ತೆ ಆಶ್ಚರ್ಯದಿಂದ ನನ್ನನ್ನು ನೋಡಿದರು. "ನೀ ನುಂಗಾಕತ್ತಿದ್ದೇನ? ಕಾಲೇಜ ಕಲ್ತಾಕಿ, ನುಂಗಂಗಿಲ್ಲ ಅಂತ ತಿಳಕೊಂಡಿದ್ನಿ."



ಪೆಟ್ಟಿಗೆ ಖಾಲಿಯಾಗಿ ಅಂಗಡಿಗೆ ಹೋಯಿತು. ಮಾವನವರು ಸುಧಾರಿಸಿದರು, ಆದರೆ ಅವರ ಸುಧಾರಣೆಯೂ ಸುಖದ್ದಲ್ಲ. ಔಷಧದ ಅಂಗಡಿಗೆ ಹೋದರೆ ಪ್ರತಿ ಬಾಟ್ಲಿಯನ್ನೂ ಬೆಳಕಿಗೆ ಹಿಡಿದು, ತಾರೀಖು ಓದಲು ನನ್ನನ್ನು ಕರೆದು, ಹಿಂದೆ ನಿಂತ ಗಿರಾಕಿಗಳನ್ನೆಲ್ಲ ಕಾಯಿಸುತ್ತಿದ್ದರು. ಮನೆಗೆ ಬಂದವರಿಗೆ ಅಕ್ಕಲಕೋಟದ ಕಥೆ ಹೇಳುತ್ತಿದ್ದರು: "ನಾಲಗಿ ಕೆಳಗ ಇಟ್ಟಕೂಡ್ಲೇ ನನಗ ತಿಳೀತು ನೋಡ್ರಿ, ಇದು ಮುದ್ದತು ಮುಗದದ್ದಂತ. ನಾನ ಹೇಳಿದ್ನಿ, ಟಾಂಗಾ ತರಸು ಸೂನಬಾಯಿ ಅಂತ." ಬಂದವರು, ಎಷ್ಟು ತಿಳಿದವರು ನೀವು ಎನ್ನುತ್ತಿದ್ದರು. ನಾನು ಚಹಾದ ಕಪ್ಪುಗಳನ್ನು ಕೊಂಚ ಜೋರಾಗಿಯೇ ಕೆಳಗಿಡುತ್ತಿದ್ದೆ.

ಅಕ್ಕನಿಗೆ ತಿಳಿಸಿ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಮುಂದಿನ ಬೇಸಿಗೆಯಲ್ಲಿ ಹೋದಾಗ ಕಟ್ಟೆಯ ಮೇಲೆ ಅವರ ಪಕ್ಕ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಎದೆ ಗುಳಿಗೆ, ಕ್ಯಾಪ್ಸೂಲ್, ಕಣ್ಣಿನ ಔಷಧ, ಒಂದೂ ಬಿಡಲಿಲ್ಲ. ಅವರು ಓಣಿಯ ಕಡೆ ನೋಡುತ್ತ ಅಡಿಕೆ ಜಗಿಯುತ್ತಿದ್ದರು. ಒಂದು ಮಾತೂ ಕಿವಿಗೆ ಬೀಳುತ್ತಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು. ಕೊನೆಗೆ ಸೋತು, "ಮಾವಾರ ಹೇಳಿ ಕಳಸ್ಯಾರ್ರಿ, ಇನ್ನ ಮ್ಯಾಲ ಯಾರಿಗೂ ಹಳೇ ಗುಳಿಗಿ ಕೊಡಬ್ಯಾಡ ಅಂತ," ಎಂದೆ.

ಅವರು ತಟ್ಟನೆ ತಿರುಗಿದರು.

"ಅವ ಹೇಳ್ಯಾನೇನ? ಹಂಗಾರ ಖರೇ ಇರಬೇಕ. ಇಷ್ಟೊತ್ತನ ಯಾಕ ಹೇಳಲಿಲ್ಲ ನೀನು?"